ಸೆಟ್ಟಿಂಗ್ ತಪ್ಪಾದರೆ ಯಾವಾಗ ಗೊತ್ತಾಗುತ್ತದೆ? ಫ್ರೇಮ್‌ವರ್ಕ್ ಆಯ್ಕೆಗೆ ಒಂದು ಅಳತೆ

ರಾಯಚೂರಿನ ರಾಜೇಂದ್ರ ಗಂಜ್‌ನ ದಲಾಲಿ ಅಂಗಡಿಯೊಂದಕ್ಕೆ ಬಿಲ್ಲಿಂಗ್ ಸಾಫ್ಟ್‌ವೇರ್ ಬೇಕಾಗಿದೆ ಎಂದುಕೊಳ್ಳೋಣ. ರೈತ ಹತ್ತಿ ತರುತ್ತಾನೆ, ಲಾಟ್ ನಂಬರ್ ಬೀಳುತ್ತದೆ, ಟೆಂಡರ್ ಆಗುತ್ತದೆ, ತೂಕ ಆಗುತ್ತದೆ, ಹಮಾಲಿ ಮುರಿದುಕೊಂಡು ರೈತನಿಗೆ ಕೊಡುವ ಲೆಕ್ಕದ ಪಟ್ಟಿ ತಯಾರಾಗುತ್ತದೆ. ಕೆಲಸ ಇಷ್ಟೇ. ಆದರೆ ಬರೆಯಲು ಕೂತ ಮೂವರು ಡೆವಲಪರ್‌ಗಳಲ್ಲಿ ಒಬ್ಬರು ಜಾಂಗೋ ಎನ್ನುತ್ತಾರೆ, ಒಬ್ಬರು ಸ್ಪ್ರಿಂಗ್ ಬೂಟ್ ಎನ್ನುತ್ತಾರೆ, ಮತ್ತೊಬ್ಬರು ಫ್ಲಾಸ್ಕ್ ಸಾಕು ಎನ್ನುತ್ತಾರೆ. ಮೂರೂ ಫ್ರೇಮ್‌ವರ್ಕ್‌ಗಳು, ಅಂದರೆ ಪ್ರೋಗ್ರಾಂ ಕಟ್ಟಲು ಸಿದ್ಧವಾಗಿ ಸಿಗುವ ಚೌಕಟ್ಟುಗಳು; ಜಾಂಗೋ ಮತ್ತು ಫ್ಲಾಸ್ಕ್ ಪೈಥಾನ್ ಭಾಷೆಯವು, ಸ್ಪ್ರಿಂಗ್ ಬೂಟ್ ಜಾವಾದ್ದು. ಅದು ಬಗೆಹರಿದ ಮೇಲೆ ಇನ್ನೊಂದು ಸುತ್ತು: ಸೆಟ್ಟಿಂಗ್‌ಗಳು ಯಾಮ್ಲ್ ಫೈಲಿನಲ್ಲಿರಬೇಕೋ, ಜೇಸನ್‌ನಲ್ಲೋ, ಎನ್ವಿರಾನ್‌ಮೆಂಟ್ ವೇರಿಯೇಬಲ್‌ನಲ್ಲೋ, ಕೋಡಿನಲ್ಲೇ ಇರಬೇಕೋ? (ಯಾಮ್ಲ್, ಜೇಸನ್ ಎಂದರೆ ಸೆಟ್ಟಿಂಗ್ ಬರೆದಿಡುವ ಫೈಲಿನ ಬಗೆಗಳು; ಎನ್ವಿರಾನ್‌ಮೆಂಟ್ ವೇರಿಯೇಬಲ್ ಎಂದರೆ ಪ್ರೋಗ್ರಾಂ ಓಡುವ ಯಂತ್ರದಲ್ಲಿ, ಕೋಡಿನ ಹೊರಗೆ ಹೆಸರಿಟ್ಟು ಇಡುವ ಸೆಟ್ಟಿಂಗ್.)

ಇದು ಅವರವರ ರುಚಿ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಈ ಜಗಳದೊಳಗೆ ಅಳೆದು ನೋಡಬಹುದಾದ ಪ್ರಶ್ನೆಯೊಂದು ಇದೆ. ಯಾವ ಪ್ರೋಗ್ರಾಮಿನಲ್ಲೂ ಯಾರಾದರೂ ಮಾಡಲೇಬೇಕಾದ ಕೆಲವು ನಿರ್ಧಾರಗಳಿರುತ್ತವೆ: ಯಾವ ಡೇಟಾಬೇಸ್, ಯಾವ ಪೋರ್ಟ್, ಟೇಬಲ್ಲಿಗೆ ಏನು ಹೆಸರು, ಗಡಿಯಾರ ಯಾವ ವಲಯದ್ದು, ಪಾಸ್‌ವರ್ಡ್ ಎಲ್ಲಿದೆ. ಆ ನಿರ್ಧಾರವನ್ನು ಎಲ್ಲಿ ಬರೆಯಿಸುತ್ತವೆ, ಅಲ್ಲಿ ತಪ್ಪಿದರೆ ಯಾವಾಗ ತಿಳಿಸುತ್ತವೆ ಎಂಬುದರಲ್ಲೇ ಫ್ರೇಮ್‌ವರ್ಕ್‌ಗಳು ಒಂದರಿಂದೊಂದು ಬೇರೆಯಾಗುತ್ತವೆ. ಪ್ರೋಗ್ರಾಂ ಶುರುವಾಗುವಾಗಲೇ ನಿಂತು, ಯಾವ ಸೆಟ್ಟಿಂಗ್ ಎಂದು ಹೆಸರಿಟ್ಟು ಹೇಳಿದರೆ ಹತ್ತು ನಿಮಿಷದಲ್ಲಿ ಸರಿಯಾಗುತ್ತದೆ. ಅದೇ ತಪ್ಪು ತಿಂಗಳ ಕೊನೆಗೆ, ಸಿಂಧನೂರಿನ ರೈಸ್ ಮಿಲ್ಲಿನ ಗುಮಾಸ್ತರು ಲೆಕ್ಕ ತಾಳೆಯಾಗುತ್ತಿಲ್ಲ ಎಂದು ಫೋನ್ ಮಾಡಿದಾಗ ಗೊತ್ತಾದರೆ, ಅಷ್ಟರಲ್ಲಿ ನೂರಾರು ಪಟ್ಟಿಗಳು ಕೈಬಿಟ್ಟು ಹೋಗಿರುತ್ತವೆ. ಮುಂದೆ ಹೇಳುವುದನ್ನೆಲ್ಲ ಈ ಅಳತೆಯಿಂದಲೇ ನೋಡೋಣ.

ಹೆಸರೇ ಸೆಟ್ಟಿಂಗ್ ಆದಾಗ

ಸ್ಪ್ರಿಂಗ್ ಬೂಟ್‌ಗೆ ಮೂಲವಾದ ಸ್ಪ್ರಿಂಗ್‌ನ 1.0 ಆವೃತ್ತಿ ಬಂದದ್ದು 2004ರಲ್ಲಿ. ಆಗ ಯಾವ ಕ್ಲಾಸ್ (ಕೋಡಿನ ಒಂದು ಘಟಕ) ಯಾವುದಕ್ಕೆ ಜೋಡಣೆಯಾಗಬೇಕು ಎಂಬುದನ್ನೆಲ್ಲ ಎಕ್ಸ್‌ಎಂಎಲ್ ಫೈಲಿನಲ್ಲಿ ಸಾಲುಸಾಲಾಗಿ ಬರೆಯಬೇಕಿತ್ತು. ಅದೇ ವರ್ಷ ಡೇವಿಡ್ ಹೈನೆಮಿಯರ್ ಹ್ಯಾನ್ಸನ್ ಹೊರತಂದ ರೂಬಿ ಆನ್ ರೈಲ್ಸ್ ಎಂಬ ಫ್ರೇಮ್‌ವರ್ಕ್ ಬೇರೆ ದಾರಿ ಹಿಡಿಯಿತು: ರೂಢಿಯಂತೆ ಹೆಸರಿಡಿ, ಸೆಟ್ಟಿಂಗ್ ಬರೆಯುವುದೇ ಬೇಡ. ಕ್ಲಾಸಿನ ಹೆಸರು ಏಕವಚನ, ಟೇಬಲ್ಲಿನ ಹೆಸರು ಅದರ ಬಹುವಚನ. ಜೋಡಣೆ ತಾನಾಗಿಯೇ ಆಗುತ್ತದೆ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಪತ್ರಿಕೆಯೊಂದರ ವೆಬ್ ವಿಭಾಗದಲ್ಲಿ ಹುಟ್ಟಿ 2005ರಲ್ಲಿ ಸಾರ್ವಜನಿಕವಾದ ಜಾಂಗೋ ನಡುವಿನ ದಾರಿಯದು. ಕೆಲವು ರೂಢಿಗಳಿವೆ, ಆದರೆ ಮುಖ್ಯ ಸೆಟ್ಟಿಂಗ್‌ಗಳೆಲ್ಲ ಒಂದೇ ಪೈಥಾನ್ ಫೈಲಿನಲ್ಲಿ ಕಣ್ಣಿಗೆ ಕಾಣುವಂತಿರುತ್ತವೆ.

ರೂಢಿಯ ಲಾಭ ನಿಜವಾದದ್ದು. ಹೊಸಬರು ತಂಡಕ್ಕೆ ಬಂದ ದಿನವೇ ಯಾವ ಫೈಲ್ ಎಲ್ಲಿದೆ ಎಂದು ಊಹಿಸಬಲ್ಲರು. ಆದರೆ ರೂಢಿ ಹುಟ್ಟಿದ್ದು ಇಂಗ್ಲಿಷ್ ಹೆಸರುಗಳಿಗಾಗಿ, ನಮ್ಮ ಕಡೆಯ ಸಾಫ್ಟ್‌ವೇರ್‌ನಲ್ಲಿ ಕ್ಲಾಸಿನ ಹೆಸರುಗಳು ಎಷ್ಟೋ ಸಲ ಕನ್ನಡದವೇ ಆಗಿರುತ್ತವೆ. ರೈಲ್ಸ್‌ನಲ್ಲಿ ‘ಅಂಗಡಿ’ ಎಂಬ ಕ್ಲಾಸ್ ಬರೆದರೆ ಕೊನೆಗೆ ‘ಸ್’ ಸೇರಿಸಿ ‘ಅಂಗಡಿಸ್’ ಎಂಬ ಟೇಬಲ್ ಹುಡುಕುತ್ತದೆ. ‘ರೈತ’ ಎಂದು ಬರೆದರೆ ಹಾಗೆ ಮಾಡುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಆ ಹೆಸರು ‘ಟಿಎ’ ಎಂದು ಮುಗಿಯುತ್ತದೆ. ಹಾಗೆ ಮುಗಿಯುವ ಪದವನ್ನು ರೈಲ್ಸ್ ‘ಡೇಟಾ’ದಂತೆ ಆಗಲೇ ಬಹುವಚನವೆಂದು ತಿಳಿದು ಮುಟ್ಟದೆ ಬಿಡುತ್ತದೆ. ‘ಖಾತಾ’ಕ್ಕೂ ಅದೇ ಗತಿ. ಒಂದೇ ಡೇಟಾಬೇಸ್‌ನಲ್ಲಿ ಕೆಲವು ಟೇಬಲ್‌ಗಳಿಗೆ ಬಾಲವಿದೆ, ಕೆಲವಕ್ಕಿಲ್ಲ ಎಂದಾಗ ಹೊಸಬರು ತಲೆ ಕೆಡಿಸಿಕೊಳ್ಳುತ್ತಾರೆ. ಉಪಾಯ ಸರಳ: ಕನ್ನಡ ಹೆಸರಿನ ಪ್ರತಿ ಮಾಡೆಲ್‌ನಲ್ಲೂ (ಟೇಬಲ್ಲಿಗೆ ಜೋಡಣೆಯಾದ ಕ್ಲಾಸ್) ಟೇಬಲ್ ಹೆಸರನ್ನು ಒಂದು ಸಾಲಿನಲ್ಲಿ ಬರೆದುಬಿಡಿ. ಬಹುವಚನದ ನಿಯಮವನ್ನೇ ತಿದ್ದುವ ಫೈಲ್ ಕೂಡ ಇದೆ, ಆದರೆ ಅದನ್ನು ಮುಟ್ಟುವುದಾದರೆ ಮೊದಲ ದಿನವೇ ಮುಟ್ಟಬೇಕು. ನಡುವೆ ತಿದ್ದಿದರೆ ಇದ್ದ ಟೇಬಲ್‌ಗಳನ್ನೇ ಪ್ರೋಗ್ರಾಂ ಗುರುತಿಸದೆ ಹೋಗುತ್ತದೆ. ಜಾಂಗೋದಲ್ಲಿ ಟೇಬಲ್ ಹೆಸರಿಗೆ ಈ ತೊಂದರೆ ಇಲ್ಲ. ಆ್ಯಪ್ ಹೆಸರು ಮತ್ತು ಮಾಡೆಲ್ ಹೆಸರು ಸೇರಿಸಿ ಇಡುತ್ತದೆ. ಅಡ್ಮಿನ್ ಪರದೆಯಲ್ಲಿ ಮಾತ್ರ ‘ರೈತಸ್’ ಎಂದು ಕಾಣುತ್ತದೆ. ಮಾಡೆಲ್‌ನ ಮೆಟಾ ಭಾಗದಲ್ಲಿ ಏಕವಚನಕ್ಕೆ ‘ರೈತ’, ಬಹುವಚನಕ್ಕೆ ‘ರೈತರು’ ಎಂದು ಬರೆದರೆ ಅದೂ ಹೋಗುತ್ತದೆ.

ಸ್ಪ್ರಿಂಗ್ ಕೂಡ ಎಕ್ಸ್‌ಎಂಎಲ್‌ನಲ್ಲೇ ಉಳಿಯಲಿಲ್ಲ. 2007ರ 2.5ರಲ್ಲಿ ಆ್ಯನೋಟೇಷನ್‌ಗಳಿಗೆ (ಕೋಡಿನ ಮೇಲೆಯೇ ಹಚ್ಚುವ ಗುರುತುಗಳು), 2009ರ 3.0ರಲ್ಲಿ ಜಾವಾ ಕೋಡಿನಲ್ಲೇ ಬರೆಯುವ ಕಾನ್ಫಿಗರೇಷನ್‌ಗೆ, 2014ರಲ್ಲಿ ಸ್ಪ್ರಿಂಗ್ ಬೂಟ್‌ನ ತಾನಾಗಿ ಜೋಡಿಸಿಕೊಳ್ಳುವ ಕ್ರಮಕ್ಕೆ ಬಂತು. ಬೂಟ್ ಮಾಡುವುದು ಇಷ್ಟು: ಪ್ರಾಜೆಕ್ಟಿನಲ್ಲಿ ಯಾವ ಲೈಬ್ರರಿಗಳಿವೆ ಎಂದು ನೋಡಿ, ಅದಕ್ಕೆ ಸರಿಹೊಂದುವ ಸೆಟ್ಟಿಂಗ್‌ಗಳನ್ನು ತಾನೇ ಊಹಿಸುತ್ತದೆ. ಈ ಊಹೆಯಲ್ಲಿ ಒಂದು ದೊಡ್ಡ ಅಪಾಯವಿದೆ. ಪರೀಕ್ಷೆಗೆಂದು ಸೇರಿಸಿದ ಎಚ್‌2 ಎಂಬ ಪುಟ್ಟ ಡೇಟಾಬೇಸ್ ಲೈಬ್ರರಿ ಮುಖ್ಯ ಪ್ರೋಗ್ರಾಮಿನಲ್ಲೂ ಉಳಿದಿದೆ, ನಿಜವಾದ ಡೇಟಾಬೇಸ್‌ನ ವಿಳಾಸ ಇರುವ ಸೆಟ್ಟಿಂಗ್‌ನ ಹೆಸರಿನಲ್ಲಿ ಒಂದಕ್ಷರ ತಪ್ಪಿದೆ ಎನ್ನಿ. ಬೂಟ್ ದೂರುವುದೇ ಇಲ್ಲ. ವಿಳಾಸ ಕೊಟ್ಟಿಲ್ಲವೆಂದು ತಿಳಿದು ಎಚ್‌2ವನ್ನು ಮೆಮೊರಿಯಲ್ಲಿ ಎಬ್ಬಿಸಿ ಕೆಲಸ ಶುರು ಮಾಡುತ್ತದೆ. ಪಟ್ಟಿಗಳು ಬರುತ್ತವೆ, ಪ್ರಿಂಟ್ ಆಗುತ್ತವೆ, ಎಲ್ಲ ಸರಿಯಾಗಿಯೇ ಕಾಣುತ್ತದೆ. ಕರೆಂಟ್ ಹೋಗಿ ಬಂದರೆ ಆ ದಿನದ ದಾಖಲೆ ಒಂದೂ ಇರುವುದಿಲ್ಲ. ಎಚ್‌2 ಲೈಬ್ರರಿಯ ವ್ಯಾಪ್ತಿಯನ್ನು ಟೆಸ್ಟ್‌ಗೆ ಮಾತ್ರ ಸೀಮಿತಗೊಳಿಸಿದರೆ, ಅದೇ ಕಾಗುಣಿತ ತಪ್ಪಿಗೆ ಪ್ರೋಗ್ರಾಂ ಶುರುವಾಗದೆ ನಿಲ್ಲುತ್ತದೆ. ನಿಲ್ಲಲಿ. ಬೂಟ್ ಏನೇನು ಊಹಿಸಿದೆ ಎಂದು ತಿಳಿಯಲು ಡೀಬಗ್ ಆಯ್ಕೆಯೊಡನೆ ಓಡಿಸಿ. ಯಾವ ಜೋಡಣೆ ಆಯಿತು, ಯಾವುದು ಏಕೆ ಆಗಲಿಲ್ಲ ಎಂಬ ಉದ್ದನೆಯ ವರದಿ ಬರುತ್ತದೆ. ಬೂಟ್‌ನಲ್ಲಿ ಕೆಲಸ ಮಾಡುವವರು ಒಮ್ಮೆಯಾದರೂ ಆ ವರದಿಯನ್ನು ಪೂರ್ತಿ ಓದಬೇಕು.

ಜಾಂಗೋದ ದೌರ್ಬಲ್ಯ ಬೇರೆ ಜಾಗದಲ್ಲಿದೆ. ಸೆಟ್ಟಿಂಗ್ ಫೈಲ್ ಎಂದರೆ ಬರೀ ಪೈಥಾನ್ ವೇರಿಯೇಬಲ್‌ಗಳು. ಹೆಸರಿನ ಕಾಗುಣಿತ ತಪ್ಪಿದರೆ ಅದು ಯಾರೂ ಓದದ ಇನ್ನೊಂದು ವೇರಿಯೇಬಲ್ ಆಗಿ ಉಳಿಯುತ್ತದೆ, ಮೂಲದ ಡೀಫಾಲ್ಟ್ (ನಾವು ಏನೂ ಬರೆಯದಿದ್ದಾಗ ಅನ್ವಯವಾಗುವುದು) ಸದ್ದಿಲ್ಲದೆ ಜಾರಿಯಲ್ಲಿರುತ್ತದೆ. ಜಾಂಗೋ ಜೊತೆಗೇ ಬರುವ ‘ಡಿಫ್‌ಸೆಟ್ಟಿಂಗ್ಸ್’ ಆದೇಶ ಡೀಫಾಲ್ಟ್‌ನಿಂದ ಬೇರೆಯಾದವುಗಳನ್ನು ತೋರಿಸುತ್ತದೆ, ಡೀಫಾಲ್ಟ್‌ನಲ್ಲಿ ಇಲ್ಲದ ಹೆಸರುಗಳ ಮುಂದೆ ಗುರುತು ಹಾಕುತ್ತದೆ. ತಪ್ಪು ಕಾಗುಣಿತ ಅಲ್ಲಿ ಸಿಕ್ಕಿಬೀಳುತ್ತದೆ. ಸರ್ವರ್‌ಗೆ ಹಾಕುವ ಮೊದಲು ‘ಚೆಕ್’ ಆದೇಶವನ್ನು ‘ಡಿಪ್ಲಾಯ್’ ಆಯ್ಕೆಯೊಡನೆ ಓಡಿಸುವುದೂ ಅಭ್ಯಾಸವಾಗಬೇಕು. ಆರ್ಮಿನ್ ರೋನಾಕರ್ 2010ರಲ್ಲಿ ಹೊರತಂದ ಫ್ಲಾಸ್ಕ್‌ನಲ್ಲಿ ಇನ್ನೊಂದು: ಆಬ್ಜೆಕ್ಟ್‌ನಿಂದಲೋ ಪೈಥಾನ್ ಫೈಲಿನಿಂದಲೋ ಸೆಟ್ಟಿಂಗ್ ಓದುವಾಗ ಅದು ದೊಡ್ಡಕ್ಷರದ ಹೆಸರುಗಳನ್ನಷ್ಟೇ ತೆಗೆದುಕೊಳ್ಳುತ್ತದೆ. ಸಣ್ಣಕ್ಷರದಲ್ಲಿ ಬರೆದದ್ದು ಫೈಲಿನಲ್ಲಿ ಕಣ್ಣೆದುರೇ ಇರುತ್ತದೆ, ಪ್ರೋಗ್ರಾಮಿಗೆ ಮಾತ್ರ ಕಾಣುವುದಿಲ್ಲ.

ಯಾಮ್ಲ್: ಓದಲು ಚೆಂದ, ನಂಬಲು ಕಷ್ಟ

ಡೆವಲಪರ್‌ಗಳು ಯಾಮ್ಲ್ ಇಷ್ಟಪಡಲು ಕಾರಣವಿದೆ. ಆವರಣ ಚಿಹ್ನೆಗಳಿಲ್ಲ, ಕಾಮೆಂಟ್ ಬರೆಯಬಹುದು, ಕನ್ನಡ ಅಕ್ಷರ ನೇರವಾಗಿ ಹಾಕಬಹುದು. ಆದರೆ ಉದ್ಧರಣ ಚಿಹ್ನೆ ಹಾಕದೆ ಬರೆದ ಬೆಲೆ (ಸೆಟ್ಟಿಂಗ್‌ಗೆ ಕೊಟ್ಟ ವ್ಯಾಲ್ಯೂ, ಹಣದ ಬೆಲೆಯಲ್ಲ) ಪಠ್ಯವೋ ಸಂಖ್ಯೆಯೋ ಎಂದು ಯಾಮ್ಲ್ ತಾನೇ ತೀರ್ಮಾನಿಸುತ್ತದೆ, ಆ ತೀರ್ಮಾನದ ನಿಯಮ 1.1 ಮತ್ತು 1.2 ಆವೃತ್ತಿಗಳಲ್ಲಿ ಬೇರೆ ಬೇರೆ. 1.2 ಬಂದದ್ದು 2009ರಲ್ಲೇ ಆದರೂ 1.1ರ ನಿಯಮದಂತೆ ಓದುವ ಲೈಬ್ರರಿಗಳು ಇಂದಿಗೂ ಬಳಕೆಯಲ್ಲಿವೆ. ಪೈಥಾನ್‌ನಲ್ಲಿ ಬಹಳ ಬಳಕೆಯಾಗುವ ಪೈಯಾಮ್ಲ್ ಅಂಥದ್ದೇ ಒಂದು.

ಗಂಜ್ ಸಾಫ್ಟ್‌ವೇರ್‌ನ ಬೆಲೆಗಳನ್ನೇ ಹಾಕಿ ನೋಡಿ. ಟೆಂಡರ್ ಸಮಯ 10:30 ಎಂದು ಬರೆದರೆ 1.1 ಅದನ್ನು ಅರವತ್ತರ ಮಾನದ ಸಂಖ್ಯೆ ಎಂದು ತಿಳಿದು, ಹತ್ತನ್ನು ಅರವತ್ತರಿಂದ ಗುಣಿಸಿ ಮೂವತ್ತು ಕೂಡಿಸಿ, 630 ಎಂದು ಕೊಡುತ್ತದೆ. ಅದೇ ಜಾಗದಲ್ಲಿ 09:30 ಎಂದಿದ್ದರೆ, ಸೊನ್ನೆಯಿಂದ ಶುರುವಾಗುವ ಕಾರಣ ಪೈಯಾಮ್ಲ್ ಅದನ್ನು ಪಠ್ಯವಾಗಿಯೇ ಬಿಡುತ್ತದೆ. ಒಂದು ಮಾರುಕಟ್ಟೆಗೆ ಸರಿ ನಡೆದ ಸಾಫ್ಟ್‌ವೇರ್ ಇನ್ನೊಂದರಲ್ಲಿ ಕೆಡುವುದು ಹೀಗೆ. ಇನ್ನು ಎಸ್‌ಟಿಡಿ ಕೋಡ್: ರಾಯಚೂರು 08532, ಕೊಪ್ಪಳ 08539, ಬಳ್ಳಾರಿ 08392. ಸೊನ್ನೆಯಿಂದ ಶುರುವಾದರೆ 1.1ಕ್ಕೆ ಅದು ಎಂಟರ ಮಾನದ ಸಂಖ್ಯೆ; ಆದರೆ ಎಂಟರ ಮಾನದಲ್ಲಿ 8 ಎಂಬ ಅಂಕಿಯೇ ಇಲ್ಲವಾದ್ದರಿಂದ ಈ ಮೂರೂ ಪಠ್ಯವಾಗಿ ಉಳಿದುಕೊಳ್ಳುತ್ತವೆ. ಲೈಬ್ರರಿ ಬದಲಿಸಿ 1.2ಕ್ಕೆ ಹೋದ ದಿನ ಅವು ಹತ್ತರ ಮಾನದ ಸಂಖ್ಯೆಗಳಾಗಿ ಮುಂದಿನ ಸೊನ್ನೆ ಕಳೆದುಕೊಳ್ಳುತ್ತವೆ, ಲೆಟರ್‌ಹೆಡ್‌ನಲ್ಲಿ 8532 ಎಂದು ಅಚ್ಚಾಗುತ್ತದೆ. 12ಇ3 ಎಂಬ ಲಾಟ್ ನಂಬರನ್ನು ರೋಮನ್ ಅಕ್ಷರದಲ್ಲಿ ಬರೆದರೆ 1.2 ಅದನ್ನು ಹನ್ನೆರಡು ಸಾವಿರ ಎಂದು ಓದುತ್ತದೆ. ಸಾಫ್ಟ್‌ವೇರ್ ಆವೃತ್ತಿ 1.10 ಎಂದು ಬರೆದರೆ 1.1 ಆಗುತ್ತದೆ. ನಾರ್ವೆ ದೇಶದ ಎರಡಕ್ಷರದ ಸಂಕೇತ ‘ಎನ್‌ಒ’ ಎಂಬುದು 1.1ರಲ್ಲಿ ‘ಇಲ್ಲ’ ಎಂಬ ಬೂಲಿಯನ್ (ಹೌದು-ಇಲ್ಲ ಬಗೆಯ ಬೆಲೆ) ಆಗಿಬಿಡುವುದು ಈ ಜಾತಿಯಲ್ಲೇ ಹೆಚ್ಚು ಹೆಸರಾದ ತಪ್ಪು.

ಅಂಗಡಿಯ ವಿಳಾಸದಲ್ಲೂ ಬಲೆ ಇದೆ. ಖಾಲಿ ಜಾಗದ ನಂತರ ಬರುವ # ಚಿಹ್ನೆಯಿಂದ ಯಾಮ್ಲ್‌ನಲ್ಲಿ ಕಾಮೆಂಟ್ ಶುರುವಾಗುತ್ತದೆ. ‘ರಾಜೇಂದ್ರ ಗಂಜ್, ಅಂಗಡಿ #12’ ಎಂದು ಉದ್ಧರಣವಿಲ್ಲದೆ ಬರೆದರೆ ಉಳಿಯುವುದು ‘ರಾಜೇಂದ್ರ ಗಂಜ್, ಅಂಗಡಿ’ ಅಷ್ಟೇ. ಒಂದೇ ಹೆಸರಿನ ಕೀಲಿ ಎರಡು ಸಲ ಬಂದರೆ ತಪ್ಪೆಂದು ನಿಯಮ ಹೇಳುತ್ತದೆ, ಆದರೂ ಪೈಯಾಮ್ಲ್ ಕೊನೆಯದನ್ನು ಇಟ್ಟುಕೊಂಡು ಮೊದಲಿನದನ್ನು ಮಾತಿಲ್ಲದೆ ಬಿಡುತ್ತದೆ. ಸಾಲಿನ ಆರಂಭದ ಇಂಡೆಂಟ್‌ಗೆ ಟ್ಯಾಬ್ ಬಳಸಿದರೆ ಮಾತ್ರ ಅದು ಅಲ್ಲೇ ನಿಂತು ದೂರುತ್ತದೆ. ಅದೊಂದು ವಿಷಯದಲ್ಲಿ ಯಾಮ್ಲ್ ಪ್ರಾಮಾಣಿಕ.

ಯಾಮ್ಲ್ ಬಳಸಲೇಬೇಕಾದರೆ ಒಂದು ನಿಯಮ ಸಾಕು: ಪಠ್ಯವಾಗಬೇಕಾದ ಪ್ರತಿ ಬೆಲೆಯನ್ನೂ, ಕಂಡಾಗ ಅನಗತ್ಯವೆನಿಸಿದರೂ, ಉದ್ಧರಣ ಚಿಹ್ನೆಯೊಳಗೆ ಇಡಿ.

ಜೇಸನ್‌ನಲ್ಲಿ ಇಂಥ ಊಹೆ ಇಲ್ಲ. ಪಠ್ಯಕ್ಕೆ ಉದ್ಧರಣ ಕಡ್ಡಾಯ. ಆದರೆ ಕಾಮೆಂಟ್ ಬರೆಯುವಂತಿಲ್ಲ, ಕೊನೆಯ ಐಟಂ ಆದಮೇಲೆ ಅಲ್ಪವಿರಾಮ ಉಳಿದರೆ ಫೈಲ್ ಪೂರ್ತಿ ಕೆಡುತ್ತದೆ. ಮನುಷ್ಯರು ಕೈಯಿಂದ ತಿದ್ದುವ ಫೈಲಿಗೆ, ಈ ಬೆಲೆ ಏಕೆ ಹೀಗಿದೆ ಎಂದು ಪಕ್ಕದಲ್ಲಿ ಬರೆಯಲಾಗದ ಫಾರ್ಮ್ಯಾಟ್ ಸರಿಹೋಗದು. ಟಾಮ್ ಪ್ರೆಸ್ಟನ್‌ವರ್ನರ್ 2013ರಲ್ಲಿ ಶುರು ಮಾಡಿದ, 2021ರಲ್ಲಿ 1.0 ತಲುಪಿದ ಟಾಮ್ಲ್ ಈ ಎರಡರ ನಡುವೆ ಚೆನ್ನಾಗಿ ಕೂರುತ್ತದೆ: ಕಾಮೆಂಟ್ ಇದೆ, ಪಠ್ಯಕ್ಕೆ ಉದ್ಧರಣ ಕಡ್ಡಾಯ, ದಿನಾಂಕ ಮತ್ತು ಸಮಯಕ್ಕೆ ತಮ್ಮದೇ ಬಗೆ ಇದೆ, ಸೊನ್ನೆಯಿಂದ ಶುರುವಾಗುವ ದಶಮಾನ ಸಂಖ್ಯೆಯನ್ನು ತಪ್ಪೆಂದೇ ತಿರಸ್ಕರಿಸುತ್ತದೆ. ಎಸ್‌ಟಿಡಿ ಕೋಡನ್ನು ಉದ್ಧರಣವಿಲ್ಲದೆ ಬರೆದರೆ ಫೈಲ್ ಓದುವಾಗಲೇ ತಿಳಿಯುತ್ತದೆ ಎಂದರ್ಥ. ಪೈಥಾನ್ 3.11ರಿಂದ ಅದನ್ನು ಓದುವ ಲೈಬ್ರರಿ ಭಾಷೆಯೊಡನೆಯೇ ಬರುತ್ತದೆ. ಆಳವಾದ ಗೂಡಿನೊಳಗೆ ಗೂಡು ಬರೆಯುವಾಗ ಟಾಮ್ಲ್ ತೊಡಕಾಗುತ್ತದೆ, ನಿಜ. ಅಂಗಡಿಯ ಸಾಫ್ಟ್‌ವೇರ್‌ಗೆ ಅಷ್ಟು ಆಳ ಬೇಕಾಗುವುದಿಲ್ಲ.

ಕನ್ನಡ ಅಕ್ಷರದ ಬಗ್ಗೆ ಒಂದೆರಡು ಮಾತು. ಜಾವಾದ ಪ್ರಾಪರ್ಟೀಸ್ ಫೈಲ್‌ಗಳನ್ನು ಬೈಟ್‌ಗಳಾಗಿ ಓದುವ ಹಳೆಯ ಕ್ರಮ ಐಎಸ್‌ಒ 8859-1 ಎಂಬ ಎನ್‌ಕೋಡಿಂಗ್‌ನದು (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಕ್ರಮವೇ ಎನ್‌ಕೋಡಿಂಗ್). ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟ್ ಆದ್ದರಿಂದ, ಅಂಗಡಿಯ ಹೆಸರು ಒಂದು ಸಂಕೇತಕ್ಕೆ ಮೂರರಂತೆ ಅರ್ಥವಿಲ್ಲದ ಗುರುತುಗಳಾಗಿ ಅಚ್ಚಾಗುತ್ತದೆ. ಪಠ್ಯಗಳ ಬಂಡಲ್ ಫೈಲ್‌ಗಳಿಗೆ ಜಾವಾ 9ರಿಂದ ಯುಟಿಎಫ್-8 ಬಂದಿದೆ, ಸೆಟ್ಟಿಂಗ್ ಫೈಲಿಗೂ ಅದೇ ಎಂದು ನಂಬಬೇಡಿ. ಮಿಲ್‌ಗಳಲ್ಲಿರುವುದು ಹೆಚ್ಚಾಗಿ ವಿಂಡೋಸ್ ಕಂಪ್ಯೂಟರ್. ಅಲ್ಲಿ ಪೈಥಾನ್‌ನಿಂದ ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಹೆಸರಿಟ್ಟು ಹೇಳದಿದ್ದರೆ, ಆ ಯಂತ್ರದ ಹಳೆಯ ಕೋಡ್‌ಪೇಜ್‌ನಲ್ಲಿ ಓದಲು ಹೋಗಿ ಕನ್ನಡ ಬಂದ ಕಡೆ ಎಡವುತ್ತದೆ.

ಎನ್ವಿರಾನ್‌ಮೆಂಟ್ ವೇರಿಯೇಬಲ್ ಎಂಬ ಅರ್ಧ ಸತ್ಯ

ಸೆಟ್ಟಿಂಗ್‌ಗಳನ್ನು ಕೋಡಿನಿಂದ ಬೇರ್ಪಡಿಸಿ ಎನ್ವಿರಾನ್‌ಮೆಂಟ್‌ನಲ್ಲಿಡಿ ಎಂಬ ಮಾತು ಹೆಚ್ಚು ಹಬ್ಬಿದ್ದು 2011ರ ಸುಮಾರಿಗೆ ಹೆರೋಕು ಕಂಪನಿಯವರು ಬರೆದ ‘ಹನ್ನೆರಡು ಅಂಶಗಳ ಆ್ಯಪ್’ ಎಂಬ ಸೂತ್ರಗಳಿಂದ. ಪಾಸ್‌ವರ್ಡ್ ಕೋಡಿನ ಜೊತೆ ಅದರ ಇತಿಹಾಸ ಕಾಯ್ದಿಡುವ ಗಿಟ್‌ಗೆ ಹೋಗಬಾರದು ಎಂಬ ಮಟ್ಟಿಗೆ ಅದು ಪೂರ್ತಿ ಸರಿ. ಒಮ್ಮೆ ಕಮಿಟ್ ಆದ (ಗಿಟ್‌ನಲ್ಲಿ ದಾಖಲಾದ) ಪಾಸ್‌ವರ್ಡನ್ನು ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಅದು ಇತಿಹಾಸದಲ್ಲಿ ಉಳಿದೇ ಇರುತ್ತದೆ. ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಪಾಸ್‌ವರ್ಡನ್ನೇ ಬದಲಿಸುವುದು, ಇತಿಹಾಸ ಶುಚಿ ಮಾಡುವುದು ಆಮೇಲೆ.

ತೊಂದರೆ ಎಂದರೆ ಎನ್ವಿರಾನ್‌ಮೆಂಟ್‌ನಲ್ಲಿ ಎಲ್ಲವೂ ಪಠ್ಯ. ಜಾಂಗೋದ ಡೀಬಗ್ ಸೆಟ್ಟಿಂಗ್‌ಗೆ ‘ಫಾಲ್ಸ್’ ಎಂಬ ಪಠ್ಯ ಕೊಟ್ಟು ಪೈಥಾನ್‌ನ ‘ಬೂಲ್’ ಫಂಕ್ಷನ್ನಿಗೆ ಹಾಕಿದರೆ ಬರುವ ಉತ್ತರ ‘ಟ್ರೂ’, ಏಕೆಂದರೆ ಖಾಲಿಯಲ್ಲದ ಪಠ್ಯವೆಲ್ಲ ಪೈಥಾನ್‌ಗೆ ಸತ್ಯವೇ. ಡೀಬಗ್ ಆಫ್ ಮಾಡಿದ್ದೇವೆ ಎಂಬ ನಂಬಿಕೆಯಲ್ಲಿ ಸರ್ವರ್ ನಡೆಯುತ್ತಿರುತ್ತದೆ, ಯಾವುದೋ ಪುಟ ಕೆಟ್ಟಾಗ ಕೋಡಿನ ಸಾಲುಗಳು, ಫೈಲ್ ದಾರಿಗಳು, ಸೆಟ್ಟಿಂಗ್‌ಗಳು ನೋಡಿದವರಿಗೆಲ್ಲ ಕಾಣುತ್ತವೆ. ಪಠ್ಯವನ್ನು ಸಣ್ಣಕ್ಷರಕ್ಕಿಳಿಸಿ ‘ಟ್ರೂ’ ಎಂಬುದಕ್ಕೆ ಸಮವೇ ಎಂದು ಹೋಲಿಸುವುದು, ಅಥವಾ ಪೈಡ್ಯಾಂಟಿಕ್ ಸೆಟ್ಟಿಂಗ್ಸ್‌ನಂಥ ಲೈಬ್ರರಿಗೆ ಆ ಕೆಲಸ ಒಪ್ಪಿಸುವುದು ಸರಿಯಾದ ದಾರಿ.

ಪಿಎಚ್‌ಪಿ ಭಾಷೆಯ ಫ್ರೇಮ್‌ವರ್ಕ್ ಲಾರಾವೆಲ್‌ನಲ್ಲಿ ಬೇರೆಯದೇ ಹಳ್ಳ. ಎನ್ವಿರಾನ್‌ಮೆಂಟ್ ಸೆಟ್ಟಿಂಗ್‌ಗಳನ್ನು ಬರೆದಿಡುವ ಡಾಟ್ ಎನ್ವ್ ಫೈಲಿನ ಬೆಲೆಯನ್ನು ‘ಎನ್ವ್’ ಫಂಕ್ಷನ್ನಿನಿಂದ ಎಲ್ಲಿ ಬೇಕಾದರೂ ಓದಬಹುದು, ಡೆವಲಪರ್‌ನ ಯಂತ್ರದಲ್ಲಿ ಅದು ನಡೆಯುತ್ತದೆ. ಸರ್ವರ್‌ನಲ್ಲಿ ವೇಗಕ್ಕಾಗಿ ಕಾನ್ಫಿಗ್ ಕ್ಯಾಶ್ ಆದೇಶ ಕೊಟ್ಟ ಮೇಲೆ ಡಾಟ್ ಎನ್ವ್ ಫೈಲನ್ನು ಲಾರಾವೆಲ್ ಓದುವುದೇ ಇಲ್ಲ. ಕಂಟ್ರೋಲರ್‌ನಲ್ಲಿ (ಪುಟದ ಕೋರಿಕೆಗೆ ಉತ್ತರಿಸುವ ಕೋಡು) ಬರೆದ ಆ ಕರೆಗಳಿಗೆಲ್ಲ ‘ನಲ್’, ಅಂದರೆ ಖಾಲಿ, ಸಿಗುತ್ತದೆ. ಆ ಫಂಕ್ಷನ್ನನ್ನು ಕಾನ್ಫಿಗ್ ಫೋಲ್ಡರಿನ ಫೈಲ್‌ಗಳಲ್ಲಿ ಮಾತ್ರ ಬಳಸಿ, ಉಳಿದೆಡೆ ‘ಕಾನ್ಫಿಗ್’ ಫಂಕ್ಷನ್ನಿನಿಂದ ಓದಬೇಕು.

ಫೈಲ್, ಎನ್ವಿರಾನ್‌ಮೆಂಟ್, ಕಮಾಂಡ್ ಲೈನ್ ಮೂರರಲ್ಲೂ ಒಂದೇ ಸೆಟ್ಟಿಂಗ್ ಇದ್ದರೆ ಗೆಲ್ಲುವುದು ಯಾವುದು? ಸ್ಪ್ರಿಂಗ್ ಬೂಟ್‌ನಲ್ಲಿ ಕಮಾಂಡ್ ಲೈನ್ ಎಲ್ಲಕ್ಕಿಂತ ಮೇಲೆ, ಅದರ ಕೆಳಗೆ ಎನ್ವಿರಾನ್‌ಮೆಂಟ್, ಆಮೇಲೆ ಜಾರ್‌ನ (ಜಾವಾ ಪ್ರೋಗ್ರಾಮನ್ನು ಕಟ್ಟಿಟ್ಟ ಫೈಲ್) ಹೊರಗಿನ ಫೈಲ್, ಕೊನೆಗೆ ಜಾರ್‌ನ ಒಳಗಿನದು. ಒಂದೇ ಜಾಗದಲ್ಲಿ ಪ್ರಾಪರ್ಟೀಸ್ ಫೈಲೂ ಯಾಮ್ಲ್ ಫೈಲೂ ಇದ್ದರೆ ಪ್ರಾಪರ್ಟೀಸ್ ಗೆಲ್ಲುತ್ತದೆ. ಯಾಮ್ಲ್‌ನಲ್ಲಿ ಎಷ್ಟು ತಿದ್ದಿದರೂ ಏನೂ ಬದಲಾಗುತ್ತಿಲ್ಲ ಎಂಬ ದೂರಿಗೆ ಇದೂ ಒಂದು ಕಾರಣ. ಎರಡರಲ್ಲಿ ಒಂದನ್ನು ಅಳಿಸಿಬಿಡಿ.

ಸೆಟ್ಟಿಂಗ್ ಅಲ್ಲವೇ ಅಲ್ಲದ್ದು

ಕಮಿಷನ್ ದರ, ಹಮಾಲಿ, ಮಾರುಕಟ್ಟೆ ಶುಲ್ಕ ಇವುಗಳನ್ನು ಸೆಟ್ಟಿಂಗ್ ಫೈಲಿಗೆ ಹಾಕುವುದು ಗಂಜ್ ಸಾಫ್ಟ್‌ವೇರ್‌ನಲ್ಲಿ ಆಗಬಹುದಾದ ತಪ್ಪುಗಳಲ್ಲೇ ದುಬಾರಿಯಾದದ್ದು. ದರ ಬದಲಾದ ದಿನ ಫೈಲ್ ತಿದ್ದಿದರೆ, ಹಿಂದಿನ ತಿಂಗಳ ಪಟ್ಟಿಯನ್ನು ಮತ್ತೆ ಪ್ರಿಂಟ್ ಮಾಡಿದಾಗ ಅದು ಹೊಸ ದರದಲ್ಲಿ ಬರುತ್ತದೆ. ರೈತನ ಕೈಯಲ್ಲಿರುವ ಕಾಗದಕ್ಕೂ ಅಂಗಡಿಯ ಪುಸ್ತಕಕ್ಕೂ ತಾಳೆ ತಪ್ಪುತ್ತದೆ, ಆ ಜಗಳದಲ್ಲಿ ಸೋಲುವವನು ರೈತನೇ. ದರ ಎಂಬುದು ಡೇಟಾ. ಅದಕ್ಕೊಂದು ಟೇಬಲ್ ಇರಬೇಕು, ಪ್ರತಿ ಸಾಲಿನಲ್ಲೂ ‘ಯಾವ ದಿನದಿಂದ ಜಾರಿ’ ಎಂಬ ಕಾಲಂ ಇರಬೇಕು, ಪಟ್ಟಿ ಮಾಡುವಾಗ ಅನ್ವಯಿಸಿದ ದರವನ್ನು ಆ ಪಟ್ಟಿಯ ಸಾಲಿನಲ್ಲೇ ಬರೆದಿಡಬೇಕು. ವಿಂಗಡಿಸುವ ಬಗೆ ಹೀಗೆ: ಯಂತ್ರ ಬದಲಾದಾಗ ಬದಲಾಗುವುದು ಎನ್ವಿರಾನ್‌ಮೆಂಟ್‌ಗೆ, ಡೆವಲಪರ್ ಮಾತ್ರ ಬದಲಿಸುವುದು ಕೋಡಿಗೆ, ಅಂಗಡಿಯ ಮಾಲೀಕರು ಬದಲಿಸುವುದು ಡೇಟಾಬೇಸ್‌ಗೆ.

ಸಮಯ ವಲಯ ನೋಡಲು ಚಿಕ್ಕದು, ಆದರೆ ಇದೇ ಜಾತಿಯ ಮೌನದ ತಪ್ಪು ಮಾಡಿಸುತ್ತದೆ. ಜಾಂಗೋ ಹೊಸ ಪ್ರಾಜೆಕ್ಟಿನ ವಲಯ ಯುಟಿಸಿ, ಅಂದರೆ ಅಂತರರಾಷ್ಟ್ರೀಯ ಪ್ರಮಾಣ ಸಮಯ. ಅದನ್ನು ‘ಏಷ್ಯಾ/ಕೋಲ್ಕತಾ’ ಎಂದು ಬದಲಿಸಿದರೂ ಸಾಲದು. ‘ಟೈಮ್‌ಝೋನ್’ ಮಾಡ್ಯೂಲಿನ ‘ನೌ’ ಫಂಕ್ಷನ್ ಕೊಡುವ ಸಮಯದಿಂದ ನೇರ ದಿನಾಂಕ ತೆಗೆದರೆ ಅದು ಯುಟಿಸಿಯ ದಿನಾಂಕ. ನಮ್ಮ ಗಡಿಯಾರ ಐದೂವರೆ ಗಂಟೆ ಮುಂದಿರುವುದರಿಂದ ಬೆಳಗಿನ 5:30ರೊಳಗೆ ಯಾರ್ಡಿಗೆ ಬಂದ ಗಾಡಿಗಳ ಆವಕವೆಲ್ಲ ಹಿಂದಿನ ದಿನಕ್ಕೆ ಸೇರುತ್ತದೆ. ಹತ್ತಿ ಸುಗ್ಗಿಯಲ್ಲಿ ರಾತ್ರಿಯಿಡೀ ಗಾಡಿ ಬರುವಾಗ ಇದು ಸಣ್ಣ ವ್ಯತ್ಯಾಸವಲ್ಲ. ‘ಲೋಕಲ್‌ಡೇಟ್’ ಫಂಕ್ಷನ್ ಬಳಸಿ.

ಹಾಗಾದರೆ ಯಾವುದು?

ಕೋಡ್ ಫಾರ್ಮ್ಯಾಟಿಂಗ್‌ಗೆ ಸೆಟ್ಟಿಂಗ್ ಚರ್ಚೆಯೇ ಬೇಡ. ಕೋಡನ್ನು ತಾವೇ ಒಪ್ಪವಾಗಿ ಜೋಡಿಸುವ ಗೋ ಭಾಷೆಯ ಗೋಫಮ್ಟ್, ಪೈಥಾನ್‌ನ ಬ್ಲ್ಯಾಕ್ ಹೇಳಿದಂತೆ ಬಿಟ್ಟುಬಿಡಿ, ಆ ಜಗಳ ಕೊನೆಯಾಗುತ್ತದೆ. ಫ್ರೇಮ್‌ವರ್ಕ್ ವಿಷಯಕ್ಕೆ ಬಂದರೆ, ಮೂವರ ತಂಡ ಗಂಗಾವತಿ, ಸಿಂಧನೂರು, ರಾಯಚೂರಿನ ಕೆಲವು ಅಂಗಡಿ, ಮಿಲ್‌ಗಳನ್ನು ನೋಡಿಕೊಳ್ಳುವುದಾದರೆ ಜಾಂಗೋದ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ) ಆವೃತ್ತಿ ನಮ್ಮ ಆಯ್ಕೆ. ಸೆಟ್ಟಿಂಗ್‌ಗಳು ಒಂದೆಡೆ ಕಾಣುತ್ತವೆ, ದರದ ಟೇಬಲ್ ತಿದ್ದಲು ಅಡ್ಮಿನ್ ಪರದೆ ಸಿದ್ಧವಾಗಿಯೇ ಸಿಗುತ್ತದೆ, 2025ರ ಏಪ್ರಿಲ್‌ನಲ್ಲಿ ಬಂದ 5.2ಕ್ಕೆ ಮೂರು ವರ್ಷ ಭದ್ರತಾ ತಿದ್ದುಪಡಿಗಳಿವೆ. ತಂಡದಲ್ಲಿರುವವರೆಲ್ಲ ಕಾಲೇಜಿನಲ್ಲಿ ಜಾವಾ ಕಲಿತು ಬಂದವರಾದರೆ ಸ್ಪ್ರಿಂಗ್ ಬೂಟ್ ಹಿಡಿಯುವುದೇ ಸರಿ. ಕ್ಲಾಸುಗಳ ಜೋಡಣೆ ತಪ್ಪಿದರೆ ಅದು ಆರಂಭದಲ್ಲೇ ನಿಲ್ಲುತ್ತದೆ, ಸೆಟ್ಟಿಂಗ್‌ಗಳ ಕ್ಲಾಸಿಗೆ ವ್ಯಾಲಿಡೇಷನ್ (ಬೆಲೆಯ ತಪಾಸಣೆ) ಹಾಕಿದರೆ ಬೆಲೆ ತಪ್ಪಿದಾಗಲೂ ನಿಲ್ಲುತ್ತದೆ.

ಯಾವುದನ್ನೇ ಹಿಡಿಯಿರಿ, ಆರಂಭದ ತಪಾಸಣೆಯನ್ನು ಕೈಯಾರೆ ಬರೆಯಿರಿ. ಎಲ್ಲ ಸೆಟ್ಟಿಂಗ್‌ಗಳನ್ನು ಒಂದೇ ಜಾಗದಲ್ಲಿ ಓದಿ, ಬಗೆಗೆ ಪರಿವರ್ತಿಸಿ, ಮಿತಿ ನೋಡಿ: ಪೋರ್ಟ್ 1ರಿಂದ 65535ರೊಳಗಿರಬೇಕು, ಡೇಟಾಬೇಸ್ ವಿಳಾಸ ಖಾಲಿ ಇರಬಾರದು, ಗೊತ್ತಿಲ್ಲದ ಹೆಸರಿನ ಸೆಟ್ಟಿಂಗ್ ಬಂದರೆ ನಿಲ್ಲಬೇಕು. ಪಾಸ್‌ವರ್ಡ್ ಬೇಕಾದಲ್ಲಿ ಡೀಫಾಲ್ಟ್ ಬೆಲೆ ಎಂದೂ ಇಡಬೇಡಿ. ತಪಾಸಣೆ ಮುಗಿದ ಮೇಲೆ ಜಾರಿಗೆ ಬಂದ ಬೆಲೆಗಳನ್ನು, ಪ್ರತಿಯೊಂದೂ ಫೈಲಿನಿಂದ ಬಂತೋ ಎನ್ವಿರಾನ್‌ಮೆಂಟ್‌ನಿಂದಲೋ ಎಂಬ ಗುರುತಿನೊಡನೆ, ಪಾಸ್‌ವರ್ಡ್ ಮರೆಮಾಡಿ ಲಾಗ್‌ಗೆ ಬರೆಯಿರಿ. ತಪ್ಪಿನ ಸಂದೇಶದಲ್ಲಿ ಮೂರು ಸಂಗತಿ ಇರಲಿ: ಸೆಟ್ಟಿಂಗ್‌ನ ಹೆಸರು, ಏನಿರಬೇಕಿತ್ತು, ಏನು ಸಿಕ್ಕಿತು. ಗಿರಣಿಗೆ ಒಯ್ಯುವ ಮೊದಲು ಹೊಸ ಯಂತ್ರವೊಂದರಲ್ಲಿ ಒಂದೊಂದೇ ಸಾಲನ್ನು ಬೇಕೆಂದೇ ಕೆಡಿಸಿ ಓಡಿಸಿ ನೋಡಿ. ಪರದೆಯ ಮೇಲೆ ಬಂದ ಸಂದೇಶವನ್ನು ಗುಮಾಸ್ತರು ಫೋನಿನಲ್ಲಿ ಓದಿ ಹೇಳಿದರೆ ಯಾವ ಸಾಲು ತಿದ್ದಬೇಕೆಂದು ನಿಮಗೆ ತಿಳಿಯದಿದ್ದರೆ, ಆ ಸಂದೇಶವನ್ನು ಮತ್ತೆ ಬರೆಯಿರಿ.